ಎಂಬತ್ತಾರು ಹೆಸರು, ಒಂದು ಫ್ಯಾನು

ನನ್ನ ತವರಿನಿಂದ ಬಂದ ಕಂಪ್ಯೂಟರಿಗೆ ಅಫಜಲಪುರದ ಬಿಸಿಲು ಒಗ್ಗಲಿಲ್ಲ. (ನನಗೂ ಒಗ್ಗಿಲ್ಲ, ಆದರೆ ಕೆಲಸದ ಮಧ್ಯೆ ಹಾಗೇ ಸ್ತಬ್ಧಳಾಗಿ ನಿಂತುಬಿಡುವ ಸವಲತ್ತು ಸೊಸೆಯಂದಿರಿಗಿಲ್ಲ.) ಹನ್ನೆರಡು ನಿಮಿಷ ನೀರಿನಂತೆ ಓಡುತ್ತಿತ್ತು. ಹದಿಮೂರನೆಯ ನಿಮಿಷಕ್ಕೆ ಕಲ್ಲು. ಮೌಸ್ ಎಳೆದಾಡಿದರೂ ಇಲ್ಲ, ಕೀಲಿಮಣೆ ಕುಟ್ಟಿದರೂ ಇಲ್ಲ, ಬಸವಣ್ಣನವರ ಹೆಸರು ಹೇಳಿದರೂ ಇಲ್ಲ.

ತೊಂಬತ್ತೊಂಬತ್ತರ ಮೇ ತಿಂಗಳು. ನಾದಿನಿ ಅಂಬುಬಾಯಿಯ ಮದುವೆ ಗೊತ್ತಾಗಿತ್ತು. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ವಧು–ವರರ ಹೆಸರು ತಪ್ಪಿದರೆ ಕ್ಷಮೆಯುಂಟು. ಕೊನೆಗೆ ಬರುವ ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ಒಬ್ಬ ಚಿಕ್ಕಪ್ಪ ತಪ್ಪಿದರೆ ಎರಡು ತಲೆಮಾರು ಮಾತು ಬಿಡುತ್ತಾರೆ. ನಮ್ಮ ಪಟ್ಟಿಯಲ್ಲಿ ಎಂಬತ್ತಾರು ಹೆಸರು, ಅದೂ ಹಿರಿತನದ ಕ್ರಮದಲ್ಲಿ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳೆಂಬ ಗರ್ವದಿಂದ ನಾನು ಎಲ್ಲರೆದುರು ಹೇಳಿಬಿಟ್ಟೆ: “ಕೈಲೆ ಯಾಕ ಬರೀಬೇಕ್ರಿ? ಕಂಪ್ಯೂಟರಿನಾಗ ಹೊಡದು ಫ್ಲಾಪಿ ಮಾಡಿ ಪ್ರೆಸ್ಸಿಗೆ ಕಳಸೋಣು. ಎಷ್ಟು ಸಲ ಬೇಕಾದ್ರೂ ತಿದ್ದಬಹುದು.”

ಅತ್ತೆ ಗೌರಾಬಾಯಿಯವರು ಆ ಯಂತ್ರವನ್ನು ‘ನಿಮ್ಮಪ್ಪನ ಟೀವಿ’ ಎಂದೇ ಕರೆಯುವುದು. ಅವರೆಂದರು: “ಆಯ್ತವಾ ಮಹಾನಂದಾ. ಗುರುವಾರ ನಾಕರ ಬಸ್ಸಿಗೆ ಪಟ್ಟಿ ಕಲಬುರ್ಗಿಗೆ ಹೋಗಬೇಕು. ಹೋಗಲಿಲ್ಲಂದ್ರ ಈ ಟೀವಿ ನಿಮ್ಮಪ್ಪನ ಮನಿಗೆ ಹೋಗಬೇಕು. ಇಲ್ಲಿ ತೊಗರಿ ಚೀಲ ಇಡಾಕ ಜಾಗಾ ಆಗ್ತದ.”

ಅಷ್ಟೇ ಅಲ್ಲ, ಇನ್ನೊಂದು ಕಟ್ಟಳೆ. “ಪಟ್ಟಿ ಪಕ್ಕಾ ಆಗೋತನಕ ಅದರ ಹೊಟ್ಟ್ಯಾಗ ಹೆಸರು ಇಡಬ್ಯಾಡ. ಒಳಗ ಇಟ್ಟ ಹೆಸರು ತಗದ್ರ ಅಪಶಕುನ.” ಅಂದರೆ, ಸೇವ್ ಮಾಡಿ ಉಳಿಸುವಂತಿಲ್ಲ! ಕದ್ದು ಉಳಿಸಬಹುದಿತ್ತು. ಆದರೆ ನಾಳೆ ಮದುವೆಯಲ್ಲಿ ಮಾವನವರ ಕಾಲು ಉಳುಕಿದರೂ ನನ್ನ ಬೆರಳಿನ ತಪ್ಪೆಂದು ನಾನೇ ನಂಬಿಬಿಡುತ್ತೇನೆ. ಓದು ಓದಿನ ಕಡೆ, ಹೆದರಿಕೆ ಹೆದರಿಕೆಯ ಕಡೆ. ಮೂರು ಸಲ ನಲವತ್ತನೆಯ ಹೆಸರಿನ ಹತ್ತಿರ ಯಂತ್ರ ಕಲ್ಲಾಯಿತು. ಮೂರು ಸಲ ನಲವತ್ತು ಮಂದಿ ಬಂಧುಗಳು ಶೂನ್ಯದಲ್ಲಿ ಲೀನವಾದರು.

ಬಸ್ ಸ್ಟ್ಯಾಂಡಿನ ರೇಡಿಯೋ ರಿಪೇರಿಯ ಯಾಕೂಬಸಾಬರು ಬಂದು ಪೆಟ್ಟಿಗೆ ಬಿಚ್ಚಿದರು. ಒಳಗೆ, ಕಂಪ್ಯೂಟರಿನ ಮೆದುಳೆಂಬ ಚೌಕದ ಮೇಲೆ ಒಂದು ಪುಟ್ಟ ಫ್ಯಾನು ಕೂತಿರುತ್ತದಂತೆ. ಅದರ ರೆಕ್ಕೆಗಳ ತುಂಬ ತೊಗರಿ ಹೊಟ್ಟು.

“ಪಂಖಾ ಖತಂ ಆಗ್ಯಾದ್ರಿ ಬಾಯಿ. ಮಗಜ್ ಕಾದು ಕೆಂಡ ಆಗಾಕತ್ತೈತಿ. ಕಲಬುರ್ಗಿಗೆ ಹೋಗಿ ಬ್ಯಾರೆದು ತರ್ರಿ. ಕಂಪನೀದೇ ಬೇಕಂತಿಲ್ಲ, ಸಸ್ತಾದಾಗ ಬೇಕಾದಷ್ಟು ಬಂದಾವ.”

ಬುಧವಾರ ಯಜಮಾನರಾದ ಬಸವಂತರಾಯರೊಡನೆ ಕಲಬುರ್ಗಿಗೆ ಹೋದೆ. ಅಂಗಡಿಯವನು ಮೂರು ನಮೂನೆ ಮುಂದಿಟ್ಟ. ಕೆಳಗೆ ಬಾಚಣಿಕೆಯಂಥ ಲೋಹ, ಮೇಲೆ ಫ್ಯಾನು. ಯಜಮಾನರು ಒಂದೊಂದನ್ನೂ ಅಂಗೈಯಲ್ಲಿ ತೂಗಿ, ಗೆಣ್ಣಿನಿಂದ ಬಡಿದು, ಹಿತ್ತಾಳೆ ಕೊಡ ಕೊಳ್ಳುವವರಂತೆ ಕಿವಿಗೆ ಹಿಡಿದರು. “ಈ ದೊಡ್ಡದು ಗಟ್ಟಿ ಅದ,” ಎಂದರು. ನಾನು ಬಾಚಣಿಕೆಯ ಹಲ್ಲು ಮುಟ್ಟಿ ನೋಡಿದೆ. ಹರಿತ! ಹತ್ತು ತಿಂಗಳ ಕೂಸಿರುವ ಮನೆ. ಎಲ್ಲಕ್ಕಿಂತ ಅಗ್ಗದ್ದಕ್ಕೆ ಮಾತ್ರ ಫ್ಯಾನಿನ ಮೇಲೆ ತಂತಿಯ ಜಾಳಿಗೆಯಿತ್ತು.

“ಇದನ್ನ ಕೊಡ್ರಿ. ಕೂಸು ಬೆರಳು ಹಾಕಬಾರದು.”

“ಬಾಯಾರ, ಇದು ಪೆಟ್ಟಿಗಿ ಒಳಗ ಕೂಡ್ತದ್ರಿ. ಕೂಸು ಅಲ್ಲಿಗೆ ಹ್ಯಾಂಗ ಹೋಗ್ತದ?”

“ನಮ್ಮ ಕೂಸು ನಿಮಗ ಗೊತ್ತಿಲ್ಲ.”

ಜೊತೆಗೊಂದು ಸಣ್ಣ ಪಾರದರ್ಶಕ ಪೊಟ್ಟಣದಲ್ಲಿ ಬಿಳಿಯ ಮುಲಾಮು. ಮೆದುಳಿಗೂ ಲೋಹಕ್ಕೂ ನಡುವೆ ಸವರಬೇಕಂತೆ. ಇಲ್ಲದಿದ್ದರೆ ಶಾಖ ಮೇಲೇರುವುದಿಲ್ಲವಂತೆ. “ಬಾಯಾಗ ಹೋಗಬಾರ್ದು ನೋಡ್ರಿ,” ಎಂದ. ಈ ಮಾತನ್ನು ನನ್ನಂಥವಳಿಗೆ ಹೇಳಬಹುದೇ? ಬಸ್ಸಿನುದ್ದಕ್ಕೂ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದು ಕೂತೆ. ಮನೆಯಲ್ಲಿ ಕೂಸಿಗೆ ಎಟುಕದ ಜಾಗ ಒಂದೇ, ದೇವರ ಜಗಲಿ. ಅಲ್ಲಿ ವಿಭೂತಿಯ ಬಟ್ಟಲ ಪಕ್ಕದಲ್ಲಿಟ್ಟು, ನೆಮ್ಮದಿಯಾಗಿ ಮಲಗಿದೆ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಯಾಕೂಬಸಾಬರು ಹಳೆಯ ಫ್ಯಾನು ಕಿತ್ತರು. “ಬಾಯಿ, ಆ ಮುಲಾಮು ಕೊಡ್ರಿ.”

ಜಗಲಿಗೆ ಹೋದೆ. ಪೊಟ್ಟಣ ಇತ್ತು. ಮುಲಾಮು ಇರಲಿಲ್ಲ.

ಅಷ್ಟರಲ್ಲಿ ಅತ್ತೆಯವರು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದರು. ಅವರ ಹಣೆಯ ಮೇಲೆ ಮೂರು ಪಟ್ಟಿ, ಕೂಸಿನ ಹಣೆಯ ಮೇಲೆ ಮೂರು ಪಟ್ಟಿ, ಥಳಥಳ ಹೊಳೆಯುತ್ತಿವೆ. ಹೊಸ ವಸ್ತು ಬಂದರೆ ಪೂಜೆ ಆಗಬೇಕಲ್ಲ. ತಟ್ಟೆಯಲ್ಲಿಟ್ಟ ಹೊಸ ಫ್ಯಾನಿಗೂ ಮೂರು ಪಟ್ಟಿ.

“ಏನ್ ಛಲೋ ವಿಭೂತಿ ತಂದೀಯವಾ! ಬೆಣ್ಣಿಗತೆ ಮೆತ್ತಗ. ಯಾವ ಮಠದ್ದು?”

ನಾನು ಕಿರುಚಿದ ಸದ್ದಿಗೆ ಎದುರುಮನೆಯ ಪೀರಬಿ ರೊಟ್ಟಿ ಬಡಿಯುವುದನ್ನು ಬಿಟ್ಟು ಓಡಿಬಂದಳು. ಕೂಸನ್ನು ಕಸಿದುಕೊಂಡು ನಳದ ಕೆಳಗೆ ಹಿಡಿದೆ. ನೀರು ಬಿದ್ದಷ್ಟೂ ಆ ಮುಲಾಮು ಹರಡಿತು: ಹಣೆಯಿಂದ ಮೂಗಿಗೆ, ಮೂಗಿನಿಂದ ಗಲ್ಲಕ್ಕೆ, ಅಲ್ಲಿಂದ ನನ್ನ ಸೀರೆಗೆ. ಕೂಸು ಸುಣ್ಣ ಬಳಿದ ಗೋಡೆಯಂತೆ ನಕ್ಕಿತು. ಒದ್ದೆ ಸೀರೆಯಲ್ಲೇ ಪಕ್ಕದ ಓಣಿಯ ಡಾಕ್ಟರರ ಹತ್ತಿರ ಓಡಿದೆ. ಅವರು ಬಾಯಿ ತೆರೆದು ನೋಡಿ, ನಾಲಿಗೆ ನೋಡಿ, “ಒಳಗ ಹೋಗಿಲ್ಲ, ಏನೂ ಆಗಂಗಿಲ್ಲ. ಕೊಬ್ರಿ ಎಣ್ಣಿ ಹಚ್ಚಿ ಒರಸ್ರಿ. ನೀವು ಮಾತ್ರ ಜರಾ ನೀರು ಕುಡೀರಿ,” ಎಂದರು.

ಮರಳಿದಾಗ ಯಾಕೂಬಸಾಬರು ಕೈಕಟ್ಟಿ ಕೂತಿದ್ದರು. ಫ್ಯಾನಿನ ನೆತ್ತಿಗೆ ಬಳಿದ ಮುಲಾಮಿಗೆ ಧೂಳು ಹತ್ತಿಬಿಟ್ಟಿತ್ತು. ಕಲಬುರ್ಗಿಗೆ ಮತ್ತೆ ಹೋಗಿಬರಲು ಹೊತ್ತಿಲ್ಲ. ಅವರು ಅತ್ತೆಯವರ ಹಣೆ ನೋಡಿದರು, ನನ್ನನ್ನು ನೋಡಿದರು, ನೆಲ ನೋಡಿದರು.

“ಬಾಯಿ… ಮಾಲು ಅಲ್ಲಿ ಸಾಫ್ ಐತ್ರಿ. ಅವರೇಕಾಳಿನಷ್ಟು ಸಿಕ್ರ ಸಾಕು. ನಾ ಹ್ಯಾಂಗ ಮುಟ್ಲಿ? ನೀವೇ ತಗದು ಕೊಡ್ರಿ.”

ಪೋಸ್ಟ್ ಕಾರ್ಡಿನ ಅಂಚಿನಿಂದ ಅತ್ತೆಯವರ ಹಣೆ ಕೆರೆಯತೊಡಗಿದೆ. ಅತ್ತೆಯವರ ಆರ್ತನಾದ ಓಣಿಯ ತುದಿಗೆ ಮುಟ್ಟಿತು: “ನೋಡ್ರೆಪಾ, ಸೊಸಿ ನನ್ನ ಹಣಿ ಮ್ಯಾಲಿನ ವಿಭೂತಿ ಕೆರಿಯಾಕತ್ತಾಳ! ನಾ ಇನ್ನಾ ಜೀವಂತ ಅದೇನಿ!”

“ಅತ್ತಿ, ಅದು ವಿಭೂತಿ ಅಲ್ರಿ, ಕಂಪ್ಯೂಟರಿನ ಮುಲಾಮ್ರಿ!”

“ಹಂಗಾದ್ರ ಜಗಲಿ ಮ್ಯಾಲ ಯಾರಿಟ್ರು ಬೇ?”

ಹುಬ್ಬಳ್ಳಿಯ ಕಾನ್ವೆಂಟಿನ ವಿದ್ಯೆಯನ್ನೆಲ್ಲ ಬಳಸಿ, ಅವರೇಕಾಳಿನಷ್ಟನ್ನು ಕಾರ್ಡಿನ ಅಂಚಿಗೆ ಎತ್ತಿ ಯಾಕೂಬಸಾಬರಿಗೆ ಚಾಚಿದೆ.

ಯಾಕೂಬಸಾಬರು ಮುಲಾಮನ್ನು ಮೆದುಳಿಗೆ ಸವರಿ, ಫ್ಯಾನು ಕೂರಿಸಿ, ಉಕ್ಕಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿದರು. ಜಾರಿದರೆ ಕೆಳಗಿನ ಸರ್ಕೀಟಿನ ಹಲಗೆಯೇ ಹೋಯಿತಂತೆ. ನಾನು ಕೂಸಿನ ಕಣ್ಣನ್ನೂ ಮುಚ್ಚಿ ನನ್ನ ಕಣ್ಣನ್ನೂ ಮುಚ್ಚಿದೆ. ಟಕ್! ಫ್ಯಾನು ಗುಯ್‌ಗುಟ್ಟಿತು.

ಹದಿಮೂರನೆಯ ನಿಮಿಷ ಬಂತು. ಹೋಯಿತು. ನಲವತ್ತು ಹೆಸರು, ಅರವತ್ತು, ಎಂಬತ್ತಾರು! ಯಂತ್ರ ನಿಲ್ಲಲಿಲ್ಲ. ನಾನು ದಿಗ್ವಿಜಯದ ನಗೆ ನಕ್ಕೆ. ನಗಬಾರದಿತ್ತು.

“ತಿದ್ದಬಹುದಂದಿ ಅಲ್ಲೇನವಾ?” ಎಂದು ಅತ್ತೆಯವರು ಕುರ್ಚಿ ಎಳೆದು ಕೂತರು. ಸುದ್ದಿ ಹರಡಿತು. ಹಿರೋಳ್ಳಿಯ ದೌಲತರಾಯ ಮಾವ ತಮ್ಮ ಹೆಸರು ನಾಗಣ್ಣ ಮಾವನಿಗಿಂತ ಮೇಲಿರಬೇಕೆಂದರು. ನಾಗಣ್ಣ ಮಾವ ಬಂದು ಕೆಳಗಿಳಿಸಿದರು. ಮಾಣಿಕಮ್ಮತ್ತೆ ಹೆಸರಿನ ಹಿಂದೆ ‘ಸೌ.’ ಸೇರಿಸಿ, ಮುಂದೆ ಗಂಡನ ನೌಕರಿ ಸೇರಿಸಿ, ನೌಕರಿಯ ಹಿಂದೆ ‘ನಿವೃತ್ತ’ ತೆಗೆಸಿದರು. ಹನ್ನೊಂದರಿಂದ ಮೂರೂವರೆಯವರೆಗೆ ಎದ್ದಿಲ್ಲ, ಉಂಡಿಲ್ಲ. ದಿನಾ ಮಧ್ಯಾಹ್ನ ತಪ್ಪದೆ ಹೋಗುವ ಕರೆಂಟು ಕೂಡ ಅಂದು ಹೋಗಲಿಲ್ಲ. ಒಮ್ಮೆ ಈ ಯಂತ್ರ ನಿಂತರೆ ಸಾಕಪ್ಪ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅಗ್ಗದ ಫ್ಯಾನು ಅಫಜಲಪುರದ ಗಾಳಿಯನ್ನೆಲ್ಲ ಒಳಗೆಳೆದು ಓಡುತ್ತಲೇ ಇತ್ತು. ಹೆಸರುಗಳು ತೊಂಬತ್ತಾದವು. ತೊಂಬತ್ತಕ್ಕಿಂತ ಒಂದು ಹೆಚ್ಚಾದರೂ ಕಾರ್ಡಿನಲ್ಲಿ ಹಿಡಿಯುವುದಿಲ್ಲವೆಂದು ಪ್ರೆಸ್ಸಿನವನು ಹೇಳಿಕಳಿಸಿದ್ದ.

ಫ್ಲಾಪಿ ಒಯ್ಯಲು ಮೈದುನ ಧರ್ಮಣ್ಣ ಚಪ್ಪಲಿ ಮೆಟ್ಟಿ ನಿಂತಿದ್ದ. ಆಗ ಅತ್ತೆಯವರು ತೊಡೆ ತಟ್ಟಿಕೊಂಡರು.

“ಅಯ್ಯ, ಯಾಕೂಬಸಾಬರ ಹೆಸರು! ಅವರಿಲ್ಲಂದ್ರ ಪತ್ರಿಕಿ ಎಲ್ಲಿದು? ಹಾಕು.”

“ಜಾಗಾ ಇಲ್ರಿ ಅತ್ತಿ. ಒಬ್ಬರನ್ನ ತಗೀಬೇಕಾಗ್ತದ.”

ಕೋಣೆಯ ತುಂಬ ಬಂಧುಗಳು. ಅತ್ತೆಯವರು ಒಬ್ಬೊಬ್ಬರ ಮುಖ ನೋಡಿದರು. ನೋಡಿಸಿಕೊಂಡವರು ಒಬ್ಬೊಬ್ಬರೇ ಗಂಟಲು ಸರಿಮಾಡಿಕೊಂಡರು. ಕೊನೆಗೆ ಅವರ ಕಣ್ಣು ನನ್ನ ಮೇಲೆ ಬಂದು, ಪ್ರೀತಿಯಿಂದಲೇ ನಿಂತಿತು.

“ಮಹಾನಂದಾ, ನೀ ಮನಿ ಮಗಳು. ನಿನ್ನ ಹೆಸರು ತಗದ್ರ ಯಾರು ಸಿಟ್ಟಾಗ್ತಾರವಾ? ತಗಿ.”

ಯಜಮಾನರ ಕಡೆ ನೋಡಿದೆ. ಅವರು ಫ್ಯಾನಿನ ಸದ್ದನ್ನು ಏಕಾಗ್ರತೆಯಿಂದ ಕೇಳುತ್ತಿದ್ದರು.

‘ಸೌ. ಮಹಾನಂದಾ ಬಸವಂತರಾಯ.’ ಒಂದೊಂದೇ ಅಕ್ಷರವಾಗಿ ಅಳಿಸಿದೆ. ಯಾಕೂಬಸಾಬರನ್ನು ಕೂರಿಸಿದೆ. ಉಳಿಸುವ ಕೀಲಿಯ ಮೇಲೆ ಬೆರಳಿಟ್ಟು ಒಂದು ನಿಮಿಷ ಪೂರ್ತಿ ಕಾದೆ, ಈಗಲಾದರೂ ಕಲ್ಲಾಗಲಿ ಎಂದು.

ಆಗಲಿಲ್ಲ. ಧರ್ಮಣ್ಣನಿಗೆ ನಾಕರ ಬಸ್ಸು ಸಿಕ್ಕಿತು.