ಚಿಕ್ಕಪ್ಪನ ನವಿಲು, ನನ್ನ ಮೂರನೇ ಅಧ್ಯಾಯ

ಮನೆಯಲ್ಲಿರುವ ಒಂದೇ ಕಂಪ್ಯೂಟರನ್ನು ಇಬ್ಬರು ತಮ್ಮದೆಂದು ತಿಳಿದಿದ್ದರೆ, ಅವರ ನಡುವೆ ಮಾತುಕತೆ ಉಳಿಯಲು ಬರೀ ರಕ್ತಸಂಬಂಧ ಸಾಲದು. ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಆ ಶಾಂತಿಯನ್ನು ಎರಡು ಸಾಲಿನ ಒಂದು ಮೆನು ಕಾಪಾಡಿಕೊಂಡು ಬಂದಿತ್ತು. ಸ್ವಿಚ್ ಹಾಕಿದೊಡನೆ ಕಪ್ಪು ಪರದೆಯ ಮೇಲೆ ಎರಡು ಹೆಸರು ಮೂಡುತ್ತಿದ್ದವು. ವಿಂಡೋಸ್ ತೊಂಬತ್ತೆಂಟು ನೇಕಾರರಾದ ಚಿಕ್ಕಪ್ಪನದು. ಅವರು ಸೀರೆಯ ಚಿತ್ತಾರ ಬಿಡಿಸುವ ಸಾಫ್ಟ್‌ವೇರ್ ಅದರಲ್ಲಿ ಮಾತ್ರ ತೆರೆಯುತ್ತಿತ್ತು. ಎಕ್ಸ್‌ಪಿ ನನ್ನದು, ಸುತ್ತಲಿನ ಹಟ್ಟಿಗಳ ಹೆಸರುಗಳ ಬಗ್ಗೆ ನಾನು ಬರೆಯುತ್ತಿದ್ದ ಎಂ.ಫಿಲ್. ಪ್ರಬಂಧ ಅದರಲ್ಲಿತ್ತು. ಬರೆದದ್ದನ್ನು ಮುಗಿಯುವ ಮುನ್ನ ನಾನು ಯಾರಿಗೂ ತೋರಿಸುವವಳಲ್ಲ. ನಕಲು ಮಾಡಿಡುವುದೂ ಒಂದು ಬಗೆಯಲ್ಲಿ ತೋರಿಸಿದಂತೆಯೇ ಎನ್ನಿಸಿ ಫ್ಲಾಪಿಗೂ ಹಾಕಿರಲಿಲ್ಲ.

ಹೀಗಿರುವಾಗ ತೊಂಬತ್ತೆಂಟು ಕೈಕೊಟ್ಟಿತು. ಮದುವೆ ಸೀರೆಯ ಸೆರಗಿನ ನವಿಲು ಅರ್ಧಕ್ಕೆ ನಿಂತಿತು. ಚಿಕ್ಕಪ್ಪನ ಮುಖ ನೋಡಲಾರದೆ ನಾನೇ ಅದನ್ನು ಮತ್ತೆ ಹಾಕಿಕೊಟ್ಟೆ. ಹೊಸದಿರುವ ಕಡೆ ಹಳೆಯದನ್ನು ಆಮೇಲೆ ಹಾಕಬಾರದೆಂದು ತಿಳಿದದ್ದು ಹಾಕಿದ ಮೇಲೆ. ಪಂಕ್ತಿಗೆ ತಡವಾಗಿ ಬಂದ ಹಿರಿಯರಂತೆ ಅದು ಇಡೀ ಜಾಗ ಹಿಡಿದು ಕೂತಿತು. ಮೆನು ಇಲ್ಲ, ಎಕ್ಸ್‌ಪಿ ಇಲ್ಲ. ನನ್ನ ಮೂರನೇ ಅಧ್ಯಾಯವಿದ್ದ ಡಿ ಡ್ರೈವ್ ಅದರ ಕಣ್ಣಿಗೇ ಬೀಳಲಿಲ್ಲ. ಅಧ್ಯಾಯವನ್ನು ಗೈಡ್‌ಗೆ ಒಪ್ಪಿಸಬೇಕಾದದ್ದು ಸೋಮವಾರ.

ಬಸ್ಸು ಹತ್ತಿ ಚಳ್ಳಕೆರೆಗೆ ಹೋದೆ. ಹಿಂದೆ ಎಕ್ಸ್‌ಪಿ ಹಾಕಿಕೊಟ್ಟಿದ್ದ ಅಂಗಡಿಯಾತ ನನ್ನ ಮಾತು ಮುಗಿಯುವ ಮೊದಲೇ ಪರಿಹಾರ ಹೇಳಿದ.

“ಫಾರ್ಮ್ಯಾಟ್ ಹೊಡೆದುಬಿಡಾನ ಮೇಡಂ, ನೀಟಾಗ್ತೈತೆ.”

“ಒಳಗೆ ನನ್ನ ಬರಹ ಇದೆ.”

“ಅದೂ ನೀಟಾಗ್ತೈತೆ.”

ಅವನ ಬಳಿಯೇ ಉಳಿದಿದ್ದ ನಮ್ಮ ಎಕ್ಸ್‌ಪಿ ಸಿಡಿಯನ್ನು ಇಸಿದುಕೊಂಡು ಸೈಬರ್ ಕೆಫೆಯಲ್ಲಿ ಕೂತೆ. ಓದುತ್ತ ಹೋದಂತೆ ದಾರಿ ಸಿಕ್ಕಿತು: ಸಿಡಿ ಹಾಕಿ, ರಿಪೇರಿಗೆಂದು ಆರ್ ಒತ್ತಿ, ಒಂದೇ ಒಂದು ಆದೇಶ ಕೊಟ್ಟರೆ ಮೆನು ವಾಪಸು. ಯಾರ ಹಂಗೂ ಬೇಡವೆಂಬ ಬಿಗುಮಾನದಲ್ಲಿ ಮನೆಗೆ ಬಂದರೆ, ಕುರ್ಚಿಯಲ್ಲಿ ಚಿಕ್ಕಪ್ಪ ಕೂತಿದ್ದರು.

“ಚಿಕ್ಕಪ್ಪಾ, ಸ್ವಲ್ಪ ಏಳ್ರಿ.”

“ಸೀರೆ ನೇಯ್ದು ಮುಗ್ಸಿ ಕೊಯ್ಯೋ ತಂಕ ಮಗ್ಗ ಬಿಟ್ಟು ಏಳಂಗಿಲ್ಲ, ಇನ್ನೊಬ್ರು ಕೈ ಹಾಕಂಗಿಲ್ಲ. ನೇಕಾರ್ರ ಮನೇಲಿ ಹುಟ್ಟಿ ಗೊತ್ತಿಲ್ವೇನವ್ವಾ?”

“ಇದು ಮಗ್ಗ ಅಲ್ಲ.”

“ಸೀರೆ ಇದ್ರಾಗೇ ಐತಲ್ಲ!”

“ನನ್ನ ಅಧ್ಯಾಯಾನೂ ಇದ್ರಾಗೇ ಐತೆ.”

“ಅದು ಕಾಣ್ತಿಲ್ಲ. ನವಿಲು ಕಾಣ್ತೈತೆ.”

ಎಂ.ಎ.ಯಲ್ಲಿ ಓದಿದ್ದ ತರ್ಕವನ್ನೆಲ್ಲ ಬಿಟ್ಟು, ಸಿಡಿ ಹಿಡಿದು ಕುರ್ಚಿಯ ಹಿಂದೆಯೇ ನಿಂತೆ. ಕೊನೆಗೆ ಅವರೇ, “ಜತೇಲಿ ಕೂತು ನೇಯೋದಾದ್ರೆ ಬಾ. ಬೇಗ ಮುಗಿತೈತೆ,” ಎಂದರು. ಹಟ್ಟಿಗಳ ಚರಿತ್ರೆಯನ್ನು ಪಕ್ಕಕ್ಕಿಟ್ಟು ಇಡೀ ಶನಿವಾರ ಪರದೆಯ ಪುಟ್ಟ ಪುಟ್ಟ ಚೌಕಗಳಿಗೆ ಹಸಿರು ತುಂಬಿದೆ. “ಬಾಲ ಗಿಡ್ಡ ಆತು. ಏನಿದು, ಕೋಳೀನಾ?” ಎಂದು ಬಿಚ್ಚಿಸಿದರು. ನಾನು ಬಿಚ್ಚಿ ಮತ್ತೆ ತುಂಬಿದೆ. ನನ್ನ ಗೈಡ್ ಕೂಡ ಅಷ್ಟು ಸಲ ತಿದ್ದಿಸಿರಲಿಲ್ಲ.

ಭಾನುವಾರ ಮಧ್ಯಾಹ್ನ ಚಿಕ್ಕಪ್ಪ, “ಕೊಯ್ದೆ, ತಗಾ,” ಎಂದು ಎದ್ದರು. ಸಿಡಿ ಹಾಕಿ, ಆರ್ ಒತ್ತಿ, ಆದೇಶ ಕೊಟ್ಟೆ. ಖಾತ್ರಿಯೇ ಎಂದು ಕಂಪ್ಯೂಟರ್ ಕೇಳಿತು. ಖಾತ್ರಿ ಇರಲಿಲ್ಲ, ಆದರೂ ಹೌದೆಂದೆ. ಮತ್ತೆ ಶುರುಮಾಡಿದಾಗ ಕಪ್ಪು ಪರದೆ, ಅದರ ಮೇಲೆ ಎರಡು ಸಾಲು. ಡಿ ಡ್ರೈವ್ ತೆರೆದೆ. ಅಧ್ಯಾಯದ ಒಂದಕ್ಷರವೂ ಅಳಿದಿರಲಿಲ್ಲ.

“ಓದವ್ವಾ, ಕೇಳಾನ. ಅಷ್ಟು ಒದ್ದಾಡ್ದೆಯಲ್ಲ,” ಎಂದರು ಚಿಕ್ಕಪ್ಪ.

ಅವರ ಅರೆಬರೆ ನವಿಲನ್ನು ನೋಡಿದವಳು ಇಲ್ಲವೆನ್ನುವುದು ಹೇಗೆ? ಗಂಟಲು ಸರಿಮಾಡಿಕೊಂಡು ಮೊದಲ ವಾಕ್ಯ ಓದತೊಡಗಿದೆ. ಅರ್ಧ ಪುಟ ದಾಟಿದಾಗ ಅವರು ಬಹಳ ಮರ್ಯಾದೆಯಿಂದ, “ಇದು ಎಲ್ಲಿ ನಿಲ್ತೈತೆ?” ಎಂದು ಕೇಳಿದರು.

ನಾನೂ ಹುಡುಕಿದೆ. ಪೂರ್ಣವಿರಾಮ ಮುಂದಿನ ಪುಟದಲ್ಲಿತ್ತು. ಚಿಕ್ಕಪ್ಪ ಚಾ ಕುಡಿಯಲು ಎದ್ದು ಹೋದ ಮೇಲೆ, ಅಷ್ಟು ಹಟ ಹಿಡಿದು ಉಳಿಸಿಕೊಂಡ ಅಧ್ಯಾಯದ ಮೊದಲ ಐದು ಪುಟಗಳನ್ನು ನಾನೇ ಅಳಿಸಿದೆ. ಉಳಿದದ್ದು ಅಷ್ಟೇನೂ ಕೆಟ್ಟದಾಗಿರಲಿಲ್ಲ.