ಎಡಗಡೆಯ ನಿನ್ನೆ ಬಾತಿದೆ

ಬರೆಯುವ ಕೆಲಸ ಕಡಿಮೆಯಾಗಲೆಂದು ನಮ್ಮ ದವಾಖಾನೆಗೆ ಬಂದ ಯಂತ್ರದಿಂದ ದಿನಕ್ಕೊಂದು ಫಜೀತಿ ಆಗುತ್ತಲೇ ಇದೆ. ಮೊದಮೊದಲು ನಗುತ್ತಿದ್ದೆವು, ಈಗ ನಗುವುದಕ್ಕೂ ದಣಿವು.

ನನ್ನ ಸೊಸೆ ಡಾಕ್ಟರ್. ಮನೆಯ ಕೆಳಗೇ ಅವಳ ದವಾಖಾನೆ. ಧಾರವಾಡದಲ್ಲಿ ಬಿ.ಎ. ಮುಗಿಸಿ ಪುಣೆಗೆ ಬಂದ ನಾನು ದವಾಖಾನೆಯ ರೋಗಿಗಳ ಕೇಸ್ ಪೇಪರುಗಳನ್ನು ನೋಡಿಕೊಳ್ಳುತ್ತೇನೆ. ಯಾರ ಕಾಗದವೇ ಇರಲಿ, ಅವರು ಕುರ್ಚಿಯಲ್ಲಿ ಕೂಡುವುದರೊಳಗೆ ತೆಗೆದುಕೊಡುತ್ತೇನೆ. ಆದರೆ ಈಗ ವಿಮೆಯವರಿಗೂ ದೊಡ್ಡ ಆಸ್ಪತ್ರೆಯವರಿಗೂ ನನ್ನ ಕಾಗದ ನಡೆಯುವುದಿಲ್ಲ. ಎಲ್ಲವೂ ಕಂಪ್ಯೂಟರಿನಲ್ಲಿ, ಇಂಗ್ಲಿಷಿನಲ್ಲಿ ಇರಬೇಕು. ರೋಗಿಗಳೆಲ್ಲ ಹೋದ ಮೇಲೆ ಸೊಸೆ ಟೈಪು ಮಾಡುತ್ತ ಕೂಡುತ್ತಾಳೆ, ಮೇಲೆ ಮನೆಯಲ್ಲಿ ಜೋಳದ ಭಕ್ರಿ ಆರಿ ತಣ್ಣಗಾಗುತ್ತದೆ.

ಒಂದು ಸಂಜೆ ಅವಳೇ ಹೇಳಿದಳು: "ಅತ್ತಿ, ಇದು ಡಾಕ್ಟರ್ಕಿ ಅಲ್ರಿ, ಕಾರಕೂನಕಿ, ಬರೇ ಗುಮಾಸ್ತರ ಕೆಲಸ. ಹಿಂಜವಾಡಿ ಸಾಫ್ಟ್‌ವೇರ್ ಕಂಪನಿಯವರು ತಮ್ಮ ದವಾಖಾನಿಗೆ ಕರೀಲಿಕತ್ತಾರ. ಒಂದು ತಿಂಗಳು ಈ ಮಷೀನ್ ನೋಡ್ತೇನಿ. ಆಗಲಿಲ್ಲಂದ್ರ ಇಲ್ಲಿ ಕೀಲಿ ಹಾಕಿ ಅಲ್ಲಿ ಹೋಗ್ತೇನಿ."

ಯಂತ್ರವೆಂದರೆ ಮೇಜಿನ ಮೇಲಿಡುವ ಒಂದು ಫೋನು. ಅದರೊಳಗಿನ ಕೃತಕ ಬುದ್ಧಿಮತ್ತೆ ಡಾಕ್ಟರೂ ರೋಗಿಯೂ ಆಡಿದ ಮಾತು ಕೇಳಿ ತಾನೇ ಟಿಪ್ಪಣಿ ಬರೆಯುತ್ತದೆ. ಸೊಸೆ ಓದಿ, ತಿದ್ದಿ, ಒಪ್ಪಬೇಕು. ಕೀಲಿ ಬೀಳದಿದ್ದರೆ ಸಾಕೆಂದು ನಾನು ಆ ಫೋನಿಗೂ ಮರ್ಯಾದೆ ಕೊಡತೊಡಗಿದೆ.

ನಿನ್ನೆಯ ಬಾವು

ದೌಂಡದಿಂದ ಬರುವ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು ಮನೆಯಲ್ಲಿ ಕನ್ನಡ ಆಡುತ್ತಾರೆ, ಹೊರಗೆ ಮರಾಠಿ, ನಮ್ಮಲ್ಲಿ ಎರಡನ್ನೂ ಕೂಡಿಸಿ.

"ಎಡಗಡಿ ಕಾಲ್ ಬಾತದ್ರಿ, ಡಾಕ್ಟರಬಾಯಿ."

"ಎಂದಿನಿಂದ್ರಿ?"

"ಕಾಲ್‌ಪಾಸೂನ್."

ಮರಾಠಿಯಲ್ಲಿ 'ಕಾಲ್' ಎಂದರೆ ನಿನ್ನೆ. ನಿನ್ನೆಯಿಂದ ಕಾಲು ಬಾತಿದೆ ಎಂದು ಸೊಸೆಗೆ ತಿಳಿಯಿತು, ನನಗೂ ತಿಳಿಯಿತು. ಯಂತ್ರ ಮಾತ್ರ ಎರಡನ್ನೂ ಅದಲುಬದಲು ಮಾಡಿ ಇಂಗ್ಲಿಷಿನಲ್ಲಿ ಬರೆಯಿತು: 'ರೋಗಿಯ ಎಡಗಡೆಯ ನಿನ್ನೆ ಬಾತಿದೆ. ಕಾಲಿನಿಂದ ಈಚೆಗೆ.'

ಸೊಸೆ ಓದಿ ಹೇಳಿದಾಗ ಗಾರ್ಡ್ ಸ್ವಲ್ಪವೂ ಗಲಿಬಿಲಿಗೊಳ್ಳಲಿಲ್ಲ. "ನಿನ್ನಿ ಬಾತ್ರ ಬಾತಿರಲಿ ಬಿಡ್ರಿ, ಡಾಕ್ಟರಬಾಯಿ. ನಾಳಿ ಒಂದು ಬಾತುಕೊಳ್ಳದ್ಹಂಗ ಔಷಧ ಕೊಡ್ರಿ."

ರೋಗಿ ಯಾರು?

ನಮ್ಮ ಓಣಿಯ ಕಿರಾಣಿ ಅಂಗಡಿಯವರು ಹೆಂಡತಿಯನ್ನು ಕರೆದುಕೊಂಡು ಬಂದರು. ಹೆಂಡತಿಯೇ ಅವರನ್ನು ಕರೆತಂದರು ಎನ್ನುವುದು ಹೆಚ್ಚು ಸರಿ.

"ಏನಾಗ್ತದ್ರಿ?" ಎಂದು ಸೊಸೆ ಅಂಗಡಿಯವರನ್ನು ಕೇಳಿದಳು.

ಹೆಂಡತಿ ಹೇಳಿದರು: "ನಮಗ ರಾತ್ರಿ ಮ್ಯಾಲಿಂದ ಮ್ಯಾಲೆ ಒಂದಕ್ಕ ಏಳಬೇಕಾಗ್ತದ್ರಿ."

"ಉರಿ ಅದ ಏನ್ರಿ?"

ಗಂಡ ಬಾಯಿ ತೆರೆದರು. ಹೆಂಡತಿ ಹೇಳಿದರು: "ಉರಿ ಇಲ್ರಿ. ಸೋನೋಗ್ರಫಿ ಮಾಡಿಸೀವಿ. ಪ್ರೋಸ್ಟೇಟ್ ದೊಡ್ಡದಾಗೇದ ಅಂದಾರ ನಮಗ."

ಗಂಡ "ಹೂಂ" ಅಂದದ್ದಷ್ಟೇ. ಯಂತ್ರ ಬರೆದದ್ದು ಹೀಗೆ: 'ರೋಗಿ ಮಹಿಳೆ. ಪ್ರೋಸ್ಟೇಟ್ ಗ್ರಂಥಿ ದೊಡ್ಡದಾಗಿದೆ. ಜೊತೆಗೆ ಒಬ್ಬ ಗಂಡಸು ಬಂದಿದ್ದಾರೆ, ಅವರಿಗೆ ಯಾವ ತೊಂದರೆಯೂ ಇಲ್ಲ.'

ಸೊಸೆ ಓದಿ ಹೇಳಿ, ಹಣೆ ಹಿಡಿದುಕೊಂಡು ಅಳಿಸತೊಡಗಿದಳು. ಹೆಂಡತಿ ತಡೆದರು: "ಅದರಾಗೇನು ತಪ್ಪದ್ರಿ? ಇವರಿಗೆ ಎಂದ ತೊಂದ್ರಿ ಇತ್ತು? ಇವರ ತೊಂದ್ರಿ ಎಲ್ಲಾ ನಮಗ."

ಪಥ್ಯ

ರಕ್ತದೊತ್ತಡದ ಒಬ್ಬ ಅಜ್ಜಿ ನಿಟ್ಟುಸಿರು ಬಿಟ್ಟರು: "ಮಗಾ ದಿನಾ ತಲಿ ತಿಂತಾನ್ರಿ." ಯಂತ್ರ ಅದನ್ನು ಆಹಾರದ ಕೆಳಗೆ ಹಾಕಿತು: 'ಮನೆಯಲ್ಲಿ ದಿನವೂ ತಲೆ ತಿನ್ನುತ್ತಾರೆ. ಮಾಂಸಾಹಾರ ಕಡಿಮೆ ಮಾಡಬೇಕು.'

ಸೊಸೆ ಓದಿ ಹೇಳಿದ್ದೇ ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡರು. "ಅಯ್ಯ ಶಿವನ, ಅಂವಾ ಉಳ್ಳಾಗಡ್ಡಿ ಸೈತ ಮುಟ್ಟೂದಿಲ್ರಿ! ತಿನ್ನೂದು ನಂದೊಂದ ತಲಿ."

ಮಾರಿ ನೋಡುವ ಡಾಕ್ಟರ್

ಒಂದು ಲಾಭವಂತೂ ಆಯಿತು. ಮೊದಲು ಸೊಸೆ ತಲೆ ತಗ್ಗಿಸಿ ಬರೆಯುತ್ತಲೇ ಪ್ರಶ್ನೆ ಕೇಳುತ್ತಿದ್ದಳು. ಈಗ ಕೈ ಖಾಲಿ, ರೋಗಿಯ ಮುಖ ನೋಡಿ ಮಾತಾಡುತ್ತಾಳೆ. ಎಷ್ಟು ಚೆಂದ ಎಂದುಕೊಂಡೆ.

ನಮ್ಮ ಸೊಸೈಟಿಯ ಒಬ್ಬಾಕೆ ಕೆಮ್ಮಿಗೆ ತೋರಿಸಿಕೊಂಡು ಹೊರಗೆ ಬಂದವಳು ನನ್ನ ಮುಂದೆ ಕುಸಿದು ಕೂತಳು. "ಕಾಕು, ಮುಚ್ಚಿಡಬ್ಯಾಡ್ರಿ. ನನಗೇನಾಗೇದ?"

"ಕೆಮ್ಮು ಆಗೇದಲ್ಲವಾ."

"ಕೆಮ್ಮಿಗೆ ಯಾವ ಡಾಕ್ಟರ್ ಇಷ್ಟೊತ್ತು ಮಾರಿ ನೋಡ್ತಾರ್ರಿ? ಇಷ್ಟು ವರ್ಷ ನನ್ನ ಕಡೆ ತಿರುಗಿ ನೋಡಿದ್ದಿಲ್ಲ!"

ಮನೆಗೆ ಹೋಗಿ ಲೋಣಾವಳಾದಲ್ಲಿರುವ ಮಗಳನ್ನೂ ಕರೆಸಿಕೊಂಡಳು. ಅಂದಿನಿಂದ ಸೊಸೆ ಒಂದು ಪೆನ್ನು ಹಿಡಿದು ಕಾಗದದ ಮೇಲೆ ಸುಮ್ಮನೆ ಗೆರೆ ಎಳೆಯುತ್ತಿರುತ್ತಾಳೆ. ರೋಗಿಗಳಿಗೆ ಧೈರ್ಯ ಬಂದಿದೆ.

ಚೀಟಿ

ಯಂತ್ರಕ್ಕೆ ಕಣ್ಣಿಲ್ಲ, ಕಿವಿಯಷ್ಟೇ. ಸೊಸೆ ಸುಮ್ಮನೆ ಎದೆಗೆ ಸ್ಟೆತಾಸ್ಕೋಪ್ ಹಚ್ಚಿದರೆ ಅದಕ್ಕೇನು ತಿಳಿಯಬೇಕು? ಹಾಗಾಗಿ ಪ್ರತಿಯೊಬ್ಬರನ್ನು ನೋಡುವಾಗಲೂ "ಎದೆ ಸ್ವಚ್ಛ, ಹೊಟ್ಟೆ ಮೆತ್ತಗಿದೆ, ಗಂಟಲು ಕೆಂಪಗಿದೆ" ಎಂದು ಗಟ್ಟಿಯಾಗಿ ಒದರಬೇಕು. ಬೆರಳಿಗೆ ವಿಶ್ರಾಂತಿ ಸಿಕ್ಕಿತು, ಗಂಟಲಿಗೆ ಸಿಗಲಿಲ್ಲ. ತಿಂಗಳು ಮುಗಿಯುವ ಹೊತ್ತಿಗೆ ದನಿ ಪೂರ್ತಿ ಬಿದ್ದುಹೋಯಿತು.

ಗಂಟಲಿನ ಡಾಕ್ಟರ್ ನೋಡಿ ಹೇಳಿದರು: "ನಾಲ್ಕು ದಿನ ಒಂದು ಮಾತೂ ಆಡಬೇಡಿ. ಏನಿದ್ದರೂ ಬರೆದು ತೋರಿಸಿ."

ಸೊಸೆ ಅವರನ್ನು ನೋಡಿದ ನೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮರುದಿನದಿಂದ ಅವಳು ಚೀಟಿಯಲ್ಲಿ ಬರೆಯುವುದು, ನಾನು ಫೋನಿನ ಮುಂದೆ ಗಟ್ಟಿಯಾಗಿ ಓದುವುದು, ಯಂತ್ರ ಕೇಳಿ ಬರೆಯುವುದು. ಒಬ್ಬಳ ಕೆಲಸ ತಪ್ಪಿಸಲು ಬಂದದ್ದಕ್ಕೆ ಈಗ ನಾವಿಬ್ಬರು ಆಳು.

ಅಂಥದರಲ್ಲಿ ಹಿಂಜವಾಡಿಯವರ ಫೋನ್ ಬಂತು. ಮೇಡಂ ಕೆಲಸಕ್ಕೆ ಬರುತ್ತಾರೋ ಇಲ್ಲವೋ, ಈಗಲೇ ಹೇಳಬೇಕು. ನಾನು ಫೋನಿಗೆ ಅಂಗೈ ಅಡ್ಡ ಹಿಡಿದು ಸೊಸೆಗೆ ಹೇಳಿದೆ: "ಕಂಪನಿಯವರು. ಬರ್ತಿ ಏನು ಅಂತ ಕೇಳ್ಲಿಕತ್ತಾರ. ಬರದು ತೋರ್ಸವಾ."

ಅವಳು ಬೆಳಗಾವಿಯ ಕನ್ನಡ ಶಾಲೆಯಲ್ಲಿ ಕಲಿತವಳು, ಚೀಟಿ ಬರೆಯುವುದು ಕನ್ನಡದಲ್ಲೇ. ಸಿಟ್ಟಿನಿಂದ ಒಂದೇ ಸಾಲು ಗೀಚಿ ಚೀಟಿ ನೂಕಿದಳು. ಓದಿದೆ: 'ನಾ ಇನ್ನ ಬರೂದಿಲ್ಲ.' ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ಅಕಿ ಬರೂದಿಲ್ಲಂತ್ರಿ, ನಮಸ್ಕಾರ" ಎಂದು ಇಟ್ಟುಬಿಟ್ಟೆ. ಸೊಸೆ ಎರಡೂ ಕೈ ಬೀಸಿದಳು, ಬಾಯಿ ತೆರೆದಳು, ದನಿ ಬರಲಿಲ್ಲ. ಸಂತೋಷಕ್ಕೆ ಇರಬೇಕೆಂದು ತಿಳಿದೆ.

ದನಿ ಬಂದ ದಿನ ಅವಳ ಮೊದಲ ಮಾತು ಇದು: "ಅತ್ತಿ, ನಾ ಬರದದ್ದು 'ನಾ ಇನ್ನ ಬರಿಯೂದಿಲ್ಲ' ಅಂತ. ಚೀಟಿ ಬರದು ಬರದು ಸಾಕಾಗಿತ್ರಿ. ದನಿ ಬಂದಮ್ಯಾಲೆ ನಾನ ಮಾತಾಡ್ತೇನಿ ಅಂತ ಹೇಳೂದಿತ್ತು."

ನಾನು ಯಾವ ಕಾಗದವನ್ನೂ ಎಸೆಯುವವಳಲ್ಲ. ಚೀಟಿ ತೆಗೆದು ಅವಳ ಮುಂದಿಟ್ಟೆ. "ಬರಿಯೂದಿಲ್ಲ ಅಂದ್ರ ನಡುವ 'ಯ' ಬೇಕಲ್ಲ? ಎಲ್ಲದ, ತೋರ್ಸು."

ಅವಳು ಚೀಟಿಯನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಕನ್ನಡಕ ತೆಗೆದು ನೋಡಿದಳು.

"ನನಗೂ 'ಬರೂದಿಲ್ಲ' ಅಂತನ ಕಾಣ್ತದ್ರಿ ಅತ್ತಿ" ಅಂದಳು. "ಡಾಕ್ಟರ್ ಬರದಾರಂದ್ರ ಹಂಗ ನಡೀಬೇಕಲ್ಲ. ಹೊರಗ ಕೂತವರನ್ನ ಒಳಗ ಕಳಸ್ರಿ."