ಬಿಳಿ ಬದನೆ ಮತ್ತು ನನ್ನ ಬೋಧನೆ

ನಮ್ಮ ಮನೆಯಲ್ಲಿ ಹಲ್ಲುಜ್ಜುವ ಬ್ರಷ್ಷಿಗೆ ಸ್ವಂತ ಜಾಗವಿಲ್ಲ. ಅದು ಇರಬೇಕಾದ ಲೋಟದಲ್ಲಿ ಯಾವುದೋ ಬಳ್ಳಿ ಬೇರು ಬಿಡುತ್ತಿದೆ. ನನ್ನ ಬ್ರಷ್ಷು ಕಿಟಕಿಯ ಸರಳಿಗೆ ಒರಗಿಕೊಂಡು ದಿನ ದೂಡುತ್ತಿದೆ. ಇಸ್ತ್ರಿ ಮೇಜಿನ ಮೇಲೆ ಕಳ್ಳಿ, ಪುಸ್ತಕದ ಕಪಾಟಿನ ಕೆಳಗಿನ ಅರೆಯಲ್ಲಿ ಗೊಬ್ಬರದ ಚೀಲ. ಒಮ್ಮೆ ಅವಸರದಲ್ಲಿ ಶೂ ಹಾಕಿಕೊಳ್ಳಲು ಹೋಗಿ, ಒಳಗೆ ಒಣಗಲು ಇಟ್ಟಿದ್ದ ಗೆಡ್ಡೆಯನ್ನು ತುಳಿದಿದ್ದೇನೆ. ("ಅಯ್ಯೋ ಪಾಪ, ಪೆಟ್ಟಾಯ್ತಾ?" ಎಂದು ಹೆಂಡತಿ ಓಡಿ ಬಂದಳು. ಕೇಳಿದ್ದು ಗೆಡ್ಡೆಯನ್ನು.)

ಇದಕ್ಕೆಲ್ಲ ಮೂಲ 'ಕೊಡು-ಕೊಳ್ಳು ಬಳಗ'. ಗಿಡದ ಹುಚ್ಚಿನವರೆಲ್ಲ ತಿಂಗಳಿಗೊಮ್ಮೆ ಗ್ರಂಥಾಲಯದ ಹಿಂದಿನ ಶೆಡ್ಡಿನಲ್ಲಿ ಸೇರುತ್ತಾರೆ. ಅಲ್ಲಿ ದುಡ್ಡಿಗೆ ಬೆಲೆಯಿಲ್ಲ. ಒಂದು ಗಿಡ ಕೊಟ್ಟು ಇನ್ನೊಂದು ತರಬೇಕು. ಕೊಡುವವರು ಎದ್ದು ನಿಂತು ಗಿಡದ ಹೆಸರು, ಅದರ ಗುಣಸ್ವಭಾವ, ಅದು ಮುನಿಸಿಕೊಂಡರೆ ಏನು ಮಾಡಬೇಕು ಎಂಬುದನ್ನೆಲ್ಲ ಹೇಳಬೇಕು. ಹೆಸರು ಗೊತ್ತಿಲ್ಲದ ಗಿಡವನ್ನು ಕೊಡುವಂತಿಲ್ಲ. ಹೆಣ್ಣು ಗಂಡು ನೋಡುವಾಗಲೂ ಜನ ಇಷ್ಟು ವಿಚಾರಿಸುವುದಿಲ್ಲ.

ನನ್ನ ಹೆಂಡತಿ ಆ ಬಳಗದ ಜೀವಾಳ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜು ಅವಳದು. ದವಡೆ ಊದಿಸಿಕೊಂಡು ಬಂದವರನ್ನು ಕೂರಿಸಿ, ಸರದಿ ಬರುವವರೆಗೆ ಮಾತಾಡಿಸಿ ಸಮಾಧಾನ ಮಾಡುತ್ತಾಳೆ. ಮಾತು ಹಲ್ಲಿನಿಂದ ಬೇರಿಗೆ, ಬೇರಿನಿಂದ ಗಿಡಕ್ಕೆ ಹೊರಳುತ್ತದೆ. ಹೋಗುವಾಗ ರೋಗಿಯ ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ನೆಡುವ ಕಡ್ಡಿ. ಕಟ್ಟಿಸಿದ ಹಲ್ಲು ಹಾಕಿಕೊಡುವ ಪುಟ್ಟ ಡಬ್ಬಿಗಳಲ್ಲಿ ಹಳೆಯವನ್ನು ಮನೆಗೆ ತಂದು, ತೊಳೆದು, ಅವುಗಳಲ್ಲಿ ಬೀಜ ತುಂಬಿ, ಮುಚ್ಚಳದ ಮೇಲೆ ಹೆಸರು ಬರೆದು ಸಾಲಾಗಿ ಇಡುತ್ತಾಳೆ.

ಇನ್ನು ನಾನು. ನಾನು ಮೇಷ್ಟ್ರುಗಳ ಮೇಷ್ಟ್ರು. ಊರೂರಿನ ಶಿಕ್ಷಕರನ್ನು ಕೂರಿಸಿಕೊಂಡು, ಮಕ್ಕಳು ಹೇಗೆ ಕಲಿಯುತ್ತಾರೆ ಎಂದು ಕಲಿಸುವುದು ನನ್ನ ಉದ್ಯೋಗ. "ಉತ್ತರ ಕೊಡಬೇಡಿ. 'ನಿನಗೇನನ್ಸತ್ತೆ?' ಅಂತ ಕೇಳಿ. ಮಗು ತಾನಾಗಿ ಕಲಿಯುವವರೆಗೆ ತಾಳ್ಮೆಯಿಂದ ಕಾಯಿರಿ" ಎನ್ನುವುದು ನನ್ನ ಭಾಷಣದ ತಿರುಳು. ಈ ಮಾತಿಗೆ ಚಪ್ಪಾಳೆ ತಪ್ಪಿದ್ದಿಲ್ಲ.

ಮನೆಯಲ್ಲಿ ಮಾತ್ರ ಈ ತಾಳ್ಮೆ ನನ್ನ ಕೈಗೆ ಹತ್ತಿಲ್ಲ. ಎರಡನೇ ತರಗತಿಯ ನಮ್ಮ ಮಗಳು (ಎಲ್ಲರೂ ಕರೆಯುವುದು ಗುಬ್ಬಿ ಎಂದೇ) "ಅಪ್ಪಾ, ಚಂದ್ರ ಯಾಕೆ..." ಎನ್ನುವಷ್ಟರಲ್ಲಿ ನಾನು ಭೂಮಿ, ಕಕ್ಷೆ, ಗ್ರಹಣ ಎಲ್ಲ ದಾಟಿ ನೆಪ್ಚೂನಿನ ಹತ್ತಿರ ಇರುತ್ತೇನೆ. ಅವಳು ಕೇಳಬೇಕೆಂದಿದ್ದುದು, ಚಂದ್ರ ಯಾಕೆ ಇವತ್ತು ನೀರಿನ ಟ್ಯಾಂಕಿನ ಹಿಂದೆ ಅವಿತುಕೊಂಡಿದ್ದಾನೆ ಎಂದು.

ಹೀಗಿರುವಾಗ ಒಂದು ಸಂಜೆ ಮನೆಯಲ್ಲಿ ನಾನು, ಗುಬ್ಬಿ ಇಬ್ಬರೇ. ಅವಳ ಶಾಲೆಯಲ್ಲಿ ವರ್ಗೀಕರಣ ಎಂಬ ಪಾಠ ನಡೆಯುತ್ತಿತ್ತು. ವಸ್ತುಗಳನ್ನು ಬಣ್ಣ, ಗಾತ್ರ, ಆಕಾರದ ಪ್ರಕಾರ ಬೇರೆ ಬೇರೆ ಮಾಡುವುದು. ಪುಸ್ತಕದಲ್ಲಿ ಗುಂಡಿಗಳ ಚಿತ್ರ ಕೊಟ್ಟಿದ್ದರು. ಚಿತ್ರದಲ್ಲಿ ಕಲಿತರೆ ಅದೆಂಥ ಕಲಿಕೆ? ಕಲಿಕೆ ಅನುಭವದಿಂದ ಬರಬೇಕು. ನನ್ನ ದೃಷ್ಟಿ ಬೀಜದ ಡಬ್ಬಿಗಳ ಮೇಲೆ ಬಿತ್ತು.

"ಅಪ್ಪಾ, ಅಮ್ಮನ್ನ ಕೇಳೋಣ" ಎಂದಳು ಗುಬ್ಬಿ.

"ಕುತೂಹಲ ಬಿಸಿಯಾಗಿದ್ದಾಗಲೇ ಬಡೀಬೇಕು ಮಗಳೇ. ಅಮ್ಮ ಬರೋ ಹೊತ್ತಿಗೆ ಆರಿ ಹೋಗಿರತ್ತೆ" ಎಂದು ನಾನು ಒಂದೊಂದೇ ಡಬ್ಬಿಯನ್ನು ದೊಡ್ಡ ತಟ್ಟೆಗೆ ಸುರಿದೆ.

ಪಾಠ ಅದ್ಭುತವಾಗಿ ನಡೆಯಿತು ಎಂದು ಈಗಲೂ ಹೇಳಬಲ್ಲೆ. ಗುಬ್ಬಿ ಮೂಗನ್ನು ತಟ್ಟೆಗೆ ತಾಗಿಸಿಕೊಂಡು ಕೂತು, ಚಪ್ಪಟೆ ಬೀಜ ಒಂದು ಕಡೆ, ದುಂಡನೆಯದು ಒಂದು ಕಡೆ, ಮೈಮೇಲೆ ಕೂದಲಿರುವುದು ಇನ್ನೊಂದು ಕಡೆ ಎಂದು ಗುಡ್ಡೆ ಮಾಡಿದಳು. ನಾನು ಮುಚ್ಚಳಗಳನ್ನೂ ಗಾತ್ರದ ಪ್ರಕಾರ ಜೋಡಿಸಿದೆ. ಅಷ್ಟು ಹೊತ್ತಿಗೆ ಹೆಂಡತಿ ಬಂದಳು.

ಬಾಗಿಲಲ್ಲೇ ನಿಂತು ತಟ್ಟೆ ನೋಡಿದಳು. ಮುಚ್ಚಳ ನೋಡಿದಳು. ನನ್ನನ್ನು ನೋಡಿದಳು.

"ಏನ್ರೀ ಇದು?"

"ವರ್ಗೀಕರಣ" ಎಂದೆ ಹೆಮ್ಮೆಯಿಂದ.

"ಬದನೆ ಬೀಜ ಎಲ್ಲಿ?"

"ಇದೋ, ಚಪ್ಪಟೆ, ಸಣ್ಣ, ಕಂದು. ಎಲ್ಲ ಬದನೆನೂ ಒಂದೇ ಕಡೆ. ಎಷ್ಟು ಚೆನ್ನಾಗಿ ಮಾಡಿದಾಳೆ ನೋಡು."

"ನೇರಳೆ ಬದನೆ ಯಾವುದು, ಬಿಳಿ ಬದನೆ ಯಾವುದು?"

ನಾನು ಬಗ್ಗಿ ನೋಡಿದೆ. ಬೀಜಗಳೂ ನನ್ನನ್ನು ನೋಡಿದವು. ಒಂದಕ್ಕಿಂತ ಒಂದು ಬೇರೆಯಲ್ಲ. ಇವಳು ಕೂಗಾಡಿದ್ದರೆ ನನಗೆ ಅಭ್ಯಾಸವಿತ್ತು. ಆದರೆ ಅವಳು ಕೈಚೀಲವನ್ನೂ ಕೆಳಗಿಡದೆ ಕುರ್ಚಿಯಲ್ಲಿ ಕೂತುಬಿಟ್ಟಳು. ಆಗಲೇ ನನಗೆ ಹೆದರಿಕೆಯಾಗಿದ್ದು.

ವಿಷಯ ಹೀಗಿತ್ತು. ಬಳಗದಲ್ಲಿ ಒಬ್ಬ ನರ್ಸಜ್ಜಿ ಇದ್ದಾರೆ. ಆಸ್ಪತ್ರೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಎದುರಿಗೆ ಸಿಕ್ಕವರ ನಾಡಿ ಹಿಡಿದೇ ಮಾತಾಡಿಸುವವರು. ಅವರ ಅಮ್ಮನ ಕಾಲದಿಂದ ಬಂದ ಒಂದು ಬಿಳಿ ಬದನೆ ಅವರ ಹಿತ್ತಲಲ್ಲಿತ್ತು. ಮೊಟ್ಟೆಯಷ್ಟೇ ಗಾತ್ರ, ಮೊಟ್ಟೆಯಷ್ಟೇ ಬಿಳುಪು. ಪಕ್ಕದಲ್ಲಿ ದೊಡ್ಡ ಕಟ್ಟಡ ಎದ್ದು ಹಿತ್ತಲಿಗೆ ಬಿಸಿಲು ಹೋಯಿತು, ಗಿಡವೂ ಹೋಯಿತು. ಕೊನೆಯ ಕಾಯಿಯ ಬೀಜವನ್ನು ಅವರು ನನ್ನ ಹೆಂಡತಿಯ ಕೈಗಿಟ್ಟು, "ನಿನ್ನ ಕೈಗುಣ ಒಳ್ಳೇದು ಕಣಮ್ಮ. ಒಂದು ಗಿಡ ಎಬ್ಬಿಸಿ ಕೊಡು, ಮಗನ ಮನೆ ಬಾಲ್ಕನೀಲಿ ಇಟ್ಕೋತೀನಿ" ಎಂದಿದ್ದರು. ಮಾರನೆಯ ಬೆಳಿಗ್ಗೆಯೇ ಅದನ್ನು ಬಿತ್ತುವವಳಿದ್ದಳು ಇವಳು.

"ಅಜ್ಜಿಗೆ ಏನಂತ ಹೇಳ್ಲಿ?" ಎಂದಳು. "ಬೀಜ ಇದೆ ಅಜ್ಜಿ, ಯಾವುದು ಅಂತ ಗೊತ್ತಿಲ್ಲ ಅನ್ಲಾ?"

"ಮಗು ಕಲೀತಲ್ಲ" ಎಂದೆ ಮೆಲ್ಲಗೆ.

"ನಿಮ್ಮ ಪುಸ್ತಕದ ಬದನೆಕಾಯಿಗೆ ನನ್ನ ಬದನೆಕಾಯಿ ಬಲಿ ಕೊಟ್ರಿ."

ಗುಬ್ಬಿಯ ತುಟಿ ನಡುಗತೊಡಗಿತ್ತು. ಅದನ್ನು ಕಂಡವಳೇ ಇವಳು ಎದ್ದು, ಸೆರಗಿನಲ್ಲಿ ಮೂಗೊರೆಸಿಕೊಂಡು, ಮಗಳ ಪಕ್ಕ ನೆಲದ ಮೇಲೆ ಕೂತಳು. ಅಲ್ಲಿಂದ ಮುಂದೆ ನಡೆದದ್ದನ್ನು ನೆನೆದರೆ, ನನಗೆ ನನ್ನ ಹೆಂಡತಿಯ ಮೇಲೆ ಇನ್ನೊಮ್ಮೆ ಪ್ರೀತಿ ಹುಟ್ಟುತ್ತದೆ.

"ಗುಬ್ಬಿ, ಇದ್ರಲ್ಲಿ ಬಿಳಿದು ಯಾವುದು? ನಿಂಗೇನನ್ಸತ್ತೆ?"

"ಗೊತ್ತಿಲ್ಲಮ್ಮ."

"ನಂಗೂ ಗೊತ್ತಿಲ್ಲ. ಬಿತ್ತಿ ನೋಡೋಣ್ವಾ?"

'ನಂಗೂ ಗೊತ್ತಿಲ್ಲ'. ಮಕ್ಕಳ ಎದುರು ಈ ಮಾತು ಹೇಳುವ ಧೈರ್ಯ ಬೇಕೆಂದು ನಾನು ಭಾಷಣದಲ್ಲಿ ಹೇಳುತ್ತಲೇ ಬಂದಿದ್ದೇನೆ. ಹೇಳಿದವರನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

ಮರುದಿನ ತಾರಸಿಯ ಮೇಲೆ, ಕ್ಲಿನಿಕ್ಕಿನಲ್ಲಿ ಬಾಯಿ ಮುಕ್ಕಳಿಸಲು ಕೊಡುವ ಪುಟ್ಟ ಕಾಗದದ ಲೋಟಗಳ ಸಾಲು ಎದ್ದಿತು. ಒಂದೊಂದರಲ್ಲೂ ಒಂದೊಂದು ಬದನೆ ಬೀಜ. ಮಾಡಿದ ಪಾಪ ತೊಳೆದುಕೊಳ್ಳಲು ನಾನೂ ಕೆಲವು ಬೀಜ ಕೇಳಿ ಪಡೆದೆ. ಇವಳ ಮಣ್ಣು ಮುಟ್ಟುವ ಮುಖವಿಲ್ಲದೆ, ಪಕ್ಕದ ಖಾಲಿ ಸೈಟಿನಿಂದ ಮಣ್ಣು ಅಗೆದು ತಂದು ಒಂದು ದೊಡ್ಡ ಕುಂಡ ತುಂಬಿದೆ. ಬಿಳಿ ಬದನೆಯನ್ನು ಪತ್ತೆ ಮಾಡುವವನು ನಾನೇ ಎಂದು ಮನಸ್ಸಿನಲ್ಲೇ ಶಪಥ ತೊಟ್ಟೆ.

ಮೊಳಕೆ ಬಂದವು. ಗುಬ್ಬಿ ಶಾಲೆಯಿಂದ ಬಂದು ಚೀಲ ಎಸೆದು ನೇರ ತಾರಸಿಗೆ ಹೋಗುತ್ತಿದ್ದಳು. ಅವಳು ಏನೇ ಕೇಳಲಿ, ಇವಳು ಬಟ್ಟೆ ಹಿಂಡುತ್ತಲೋ ಒಣಹಾಕುತ್ತಲೋ ಹೇಳುತ್ತಿದ್ದುದು ಒಂದೇ ಮಾತು, "ನಿಂಗೇನನ್ಸತ್ತೆ?" ಆಮೇಲೆ ನಿಜವಾಗಿಯೂ ಸುಮ್ಮನಿರುತ್ತಿದ್ದಳು. ನನಗೋ ನಾಲಿಗೆ ತುರಿಸುತ್ತಿತ್ತು. ನಾನು ಬಾಯಿ ತೆರೆದಾಗಲೆಲ್ಲ ಇವಳು ಒದ್ದೆ ಬಟ್ಟೆಯ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು ಹಿಂಡಿಸುತ್ತಿದ್ದಳು.

ಒಂದು ದಿನ ಗುಬ್ಬಿ ಲೋಟಗಳ ಮುಂದೆ ಬೋರಲಾಗಿ ಮಲಗಿದ್ದವಳು ಎದ್ದು, ಮೂಲೆಯಲ್ಲಿದ್ದ ದೊಡ್ಡ ನೇರಳೆ ಬದನೆ ಗಿಡದ ಬುಡಕ್ಕೆ ಓಡಿದಳು. ಕಣ್ಣಿಟ್ಟು ನೋಡಿದಳು. ಮತ್ತೆ ಲೋಟಗಳ ಹತ್ತಿರ ಓಡಿಬಂದಳು.

"ಅಮ್ಮ, ದೊಡ್ಡ ಗಿಡದ ಕಾಲು ನೇರಳೆ. ಈ ಮರಿಗಳ ಕಾಲೂ ನೇರಳೆ. ಆದ್ರೆ ಇವಿಷ್ಟರ ಕಾಲು ಮಾತ್ರ ಬರೀ ಹಸಿರು."

"ಅದಕ್ಕೆ?"

"ನೇರಳೆ ಕಾಲಿಂದು ನೇರಳೆ ಕಾಯಿ. ಇವು ಅಜ್ಜಿದು."

ಹೆಂಡತಿ ಕೈಯಲ್ಲಿದ್ದ ಬಕೆಟ್ಟನ್ನು ಕೆಳಗಿಟ್ಟಳು. ಬಗ್ಗಿ ನೋಡಿದಳು. ಮಗಳ ತಲೆಯ ಮೇಲೆ ಕೈಯಿಟ್ಟಳು. ಇಬ್ಬರನ್ನೂ ನೋಡುತ್ತಾ ನನ್ನ ಕಣ್ಣಲ್ಲಿ ನೀರು ಬಂತು. (ಗೊಬ್ಬರದ ಘಾಟು ಎಂದು ಹೇಳಿದೆ.)

ಆದರೂ ಸೋಲೊಪ್ಪಲು ನಾನು ಸಿದ್ಧನಿರಲಿಲ್ಲ. ಏಕೆಂದರೆ ಅಷ್ಟರಲ್ಲಿ ನನ್ನ ಕುಂಡದಲ್ಲಿ ಒಂದು ಗಿಡ ಉಳಿದವನ್ನೆಲ್ಲ ಹಿಂದೆ ಹಾಕಿ ಪೈಲ್ವಾನನಂತೆ ಎದ್ದಿತ್ತು. ಅದರದೂ ಹಸಿರು ಕಾಂಡವೇ. ಎಲೆ ಅಂಗೈ ಅಗಲ. ಉಳಿದ ಸಸಿಗಳನ್ನು ಕಿತ್ತು ಇದೊಂದಕ್ಕೇ ನೀರು, ಗೊಬ್ಬರ, ಉಪನ್ಯಾಸ ಎಲ್ಲ ಧಾರೆಯೆರೆದೆ. ತರಬೇತಿಯ ಶಿಕ್ಷಕರಿಗೂ ಇದರ ಫೋಟೋ ತೋರಿಸಿ, "ನಂಬಿಕೆಯಿಟ್ಟರೆ ಪ್ರತಿ ಮಗುವೂ ಹೀಗೆ ಅರಳುತ್ತೆ" ಎಂದೆ. ಹಿಂದಿನ ಸಾಲಿನ ಒಬ್ಬರು ಏನೋ ಹೇಳಲು ಕೈಯೆತ್ತಿದರು. ಸಮಯವಿಲ್ಲ ಎಂದು ಕೂರಿಸಿದೆ.

"ಆ ಮಣ್ಣು ಎಲ್ಲಿಂದ ತಂದ್ರಿ?" ಎಂದು ಇವಳು ಒಮ್ಮೆ ಕೇಳಿದಳು. ಹೇಳಿದೆ. "ಹೌದಾ" ಎಂದು ನನ್ನ ಕುಂಡವನ್ನು ಎತ್ತಿ, ಗುಬ್ಬಿಯ ಕೈಗೆ ಎಟುಕದ ಎತ್ತರದ ಕಟ್ಟೆಯ ಮೇಲಿಟ್ಟಳು. "ನಿಮ್ಮ ಗಿಡ ಎತ್ತರದಲ್ಲೇ ಇರ್ಲಿ." ಇಷ್ಟು ವರ್ಷಕ್ಕೆ ನನ್ನ ಕೆಲಸಕ್ಕೊಂದು ಮರ್ಯಾದೆ ಸಿಕ್ಕಿತೆಂದು ನನಗೆ ಸಂತೋಷವಾಯಿತು. ಸ್ವಲ್ಪ ದಿನದಲ್ಲೇ ಅದರಲ್ಲೊಂದು ಬಿಳಿ ಮೊಗ್ಗೂ ಕಾಣಿಸಿತು. ಬಿಳಿ ಹೂವು, ಬಿಳಿ ಕಾಯಿ. ಇನ್ನೇನು ಪುರಾವೆ ಬೇಕು?

ಬಳಗ ಸೇರುವ ದಿನ ಬಂತು. ಶೆಡ್ಡಿನ ತುಂಬ ಜನ, ಕುಂಡ, ಹಸಿಮಣ್ಣಿನ ವಾಸನೆ. ಗುಬ್ಬಿ ಕಾಗದದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನರ್ಸಜ್ಜಿಯ ಮುಂದೆ ನಿಂತಳು. ನಿಯಮದ ಪ್ರಕಾರ ಹೆಸರು, ಸ್ವಭಾವ ಎಲ್ಲ ಹೇಳಿದಳು. ಬೀಜ ಬೆರೆತದ್ದನ್ನೂ ಮುಚ್ಚಿಡಲಿಲ್ಲ. ಕಾಲಿನ ಬಣ್ಣ ನೋಡಿ ಹೇಗೆ ಹುಡುಕಿದೆ ಎಂದು ಹೇಳುವಾಗ ಇಡೀ ಶೆಡ್ಡು ಕಿವಿಯಾಗಿತ್ತು.

ನರ್ಸಜ್ಜಿ ಕನ್ನಡಕ ಸರಿಮಾಡಿಕೊಂಡು, ಸಸಿಯ ನಾಡಿಯನ್ನೇ ಹಿಡಿದವರಂತೆ ಕಾಂಡವನ್ನು ಎರಡು ಬೆರಳಲ್ಲಿ ಹಿಡಿದರು. "ಇದೇ ಕಣಮ್ಮ. ನಮ್ಮಮ್ಮಂದೇ" ಎಂದವರೇ ಗುಬ್ಬಿಯನ್ನು ಅಪ್ಪಿಕೊಂಡರು. ಹೆಂಡತಿ ಗೋಡೆಯ ಕಡೆ ತಿರುಗಿ ನಿಂತಳು.

ಅಲ್ಲಿಗೆ ಮುಗಿಸಿದ್ದರೆ ಆಗುತ್ತಿತ್ತು. ಆದರೆ ನನ್ನ ಸರದಿ ಇತ್ತಲ್ಲ. ನನ್ನ ಕುಂಡವನ್ನು ಮೇಜಿನ ಮೇಲಿಟ್ಟು ಗಂಟಲು ಸರಿಮಾಡಿಕೊಂಡೆ. ಬಿಳಿ ಬದನೆಯ ಪುನರುತ್ಥಾನ, ಕಲಿಕೆಯಲ್ಲಿ ನಂಬಿಕೆಯ ಪಾತ್ರ, ಗುರುವಿನ ತಾಳ್ಮೆ ಎಂದು ನಿರರ್ಗಳವಾಗಿ ಮಾತಾಡಿದೆ. "ಯಾರಿಗೆ ಬೇಕು?" ಎಂದು ಸಭೆಯನ್ನು ಕೇಳಿದೆ. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು.

ನರ್ಸಜ್ಜಿ ಎದ್ದು ಬಂದರು. ಈ ಸಲ ಅವರು ಹಿಡಿದದ್ದು ಗಿಡದ ನಾಡಿಯಲ್ಲ, ನನ್ನದು. "ಹುಷಾರಾಗಿದೀಯಾ ತಾನೇ? ಎಲೆ ಗಿಲೆ ಬಾಯಿಗೆ ಹಾಕಿಲ್ವಲ್ಲ? ಇದು ದತ್ತೂರಿ ಕಣಪ್ಪ. ತಿಂದ್ರೆ ತಲೆ ಕೆಡತ್ತೆ."

ಪಕ್ಕದ ಸೈಟಿನ ಮಣ್ಣಲ್ಲಿ ಅಡಗಿದ್ದ ಕಾಡುಬೀಜವನ್ನು ಇಷ್ಟು ದಿನ ನಾನು ಮುದ್ದು ಮಾಡಿ ಸಾಕಿದ್ದೆ. ಶೆಡ್ಡಿನಲ್ಲಿ ನಗು ಅಲೆ ಅಲೆಯಾಗಿ ಎದ್ದಿತು. ಮನೆ ಹತ್ತಿರ ಬಂದಾಗ ತಡೆಯಲಾಗಲಿಲ್ಲ.

"ನಿಂಗೆ ಮೊದಲೇ ಗೊತ್ತಿತ್ತಾ?" ಎಂದು ಹೆಂಡತಿಯನ್ನು ಕೇಳಿದೆ.

"ಎರಡನೇ ಎಲೆ ಬಂದಾಗ್ಲೇ. ಅದಕ್ಕೇ ಮೇಲಿಟ್ಟಿದ್ದು."

"ನಂಗೂ ಗೊತ್ತಿತ್ತು" ಎಂದಳು ಗುಬ್ಬಿ. "ಎಲೆ ವಾಸನೆ ಬೇರೆ ಇತ್ತು. ನಿಂಗೆ ಹೇಳಕ್ಕೆ ಬರ್ತಿದ್ದೆ, ಅಮ್ಮನೇ ಬೇಡ ಅಂದ್ಳು."

"ಯಾಕೆ?"

ಗುಬ್ಬಿ ಅಮ್ಮನ ಮುಖ ನೋಡಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, ಮಂದಬುದ್ಧಿಯ ಶಿಷ್ಯನೊಬ್ಬನಿಗೆ ಹೇಳುವಷ್ಟು ಅಕ್ಕರೆಯಿಂದ ಹೇಳಿದಳು:

"ನಿಧಾನಕ್ಕೆ ಕಲಿಯೋರಿಗೆ ಉತ್ತರ ಹೇಳ್ಬಾರ್ದಂತೆ ಅಪ್ಪ. ತಾನಾಗೇ ಕಲಿಯೋವರ್ಗೂ ಕಾಯ್ಬೇಕಂತೆ. ನಿನ್ನ ಭಾಷಣದಲ್ಲೇ ಇದೆಯಂತಲ್ಲ."